ಆಂಟೆನಾ ಕಟ್ಟೋರು

ನಮ್ಮಣ್ಣನನ್ನು ನಮ್ಮಣ್ಣ ಎಂದು ಹೇಳಬೇಕಾದ ಕಡೆ ನಾನು ಹೇಳಲಿಲ್ಲ. ದೊಡ್ಡ ಕೆಲಸವೇನಲ್ಲ, ಒಂದು ಮಾತು. ಆ ಮಾತು ಬಾಯಿಗೆ ಬರಲಿಲ್ಲ, ಬೇರೆ ಮಾತು ಬಂತು.

ಅವನು ತೀರಿಕೊಂಡು ಒಂದು ಮಳೆಗಾಲ ಕಳೆಯಿತು. ಕಾಮಾಲೆ ಎಂದರು. ತವರಿಗೆ ಹೋದೆ, ಪಕ್ಕದಲ್ಲಿ ಕೂತೆ, ಅಳು ಬರಲಿಲ್ಲ. ಸುತ್ತಲಿನ ಹೆಂಗಸರು ಹಾಡಿಕೊಂಡು ಅಳುತ್ತಿದ್ದರು. ನಾನು ಅವನ ಪಾದದ ಕಡೆ ನೋಡುತ್ತಿದ್ದೆ. ಹಿಮ್ಮಡಿಯಲ್ಲಿ ಹೆಂಚು ಕೊಯ್ದ ಹಳೇ ಗಾಯದ ಗುರುತು ಇತ್ತು. 'ತಂಗಿ ಕಲ್ಲಾಗೋಗವ್ಳೆ' ಎಂದು ಯಾರೋ ಅಂದರು. ಇರಬಹುದು. ಈಗಲೂ ಹಾಗೇ ಇದೆ. ಅಳು ಬಂದರೆ ಬರೆಯುತ್ತಿರಲಿಲ್ಲವೇನೋ.

ನಮ್ಮೂರು ಪಾಲಮಲೆಯ ಬುಡದಲ್ಲಿ. ಮೆಟ್ಟೂರು ಡ್ಯಾಮು ತುಂಬಿದ ವರ್ಷ ನಮ್ಮ ಹೊಲದ ಅಂಚಿನಿಂದ ನೀರು ಕಾಣುತ್ತದೆ. ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ತಮಿಳು. ನಾನು ಐದನೇ ಕ್ಲಾಸಿಗೆ ಬಿಟ್ಟೆ. ಕನ್ನಡ ಅಕ್ಷರ ಕಲಿಸಿದವನು ಅಣ್ಣ. ಅವನು ಮೀಸೆ ಮೂಡುವ ಮೊದಲೇ ಕೊಳ್ಳೇಗಾಲದ ಒಂದು ರೇಡಿಯೋ ರಿಪೇರಿ ಅಂಗಡಿಗೆ ಕೆಲಸಕ್ಕೆ ಹೋಗಿ ಬಂದಿದ್ದ. ಈಗ ಬರೆಯುತ್ತಿರುವುದು ಅವನು ತಂದು ಕೊಟ್ಟ ಅಕ್ಷರದಲ್ಲೇ.

ಅಣ್ಣನಿಗೆ ಕಿವಿ ಕೇಳುತ್ತಿರಲಿಲ್ಲ. ಹುಟ್ಟಿನಿಂದ ಅಲ್ಲ. ಹುಡುಗನಾಗಿದ್ದಾಗ ಎರಡೂ ಕಿವಿ ಸೋರುತ್ತಿತ್ತು, ಅವ್ವ ಬೆಳ್ಳುಳ್ಳಿ ಎಣ್ಣೆ ಬಿಡುತ್ತಿದ್ದಳು. ಸೋರುವುದು ನಿಂತಾಗ ಕೇಳುವುದೂ ನಿಂತಿತ್ತು. ಬಲಗಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಏನೋ ತಿಳಿಯುತ್ತಿತ್ತು. ಆ ರೇಡಿಯೋ ಅಂಗಡಿಯ ಕಥೆಯನ್ನು ಅವನೇ ನಗುತ್ತಾ ಹೇಳುತ್ತಿದ್ದ.

"ಓನರ್ರು ಕೇಳಿದ್ರು, ಏನ್ಲಾ, ರೇಡಿಯೋ ಹಾಡ್ತೈತಾ? ನಾನು, ಹಾಡ್ತೈತೆ ಸಾಮಿ ಅಂದೆ. ಅದ್ರಾಗೆ ಸೆಲ್ಲೇ ಆಕಿರ್ಲಿಲ್ಲ. ನೀನು ಕೆಳ್ಗಿದ್ರೆ ನಮ್ ಅಂಗ್ಡಿ ಮುಚ್ಚಬೇಕಾಯ್ತದೆ, ಮ್ಯಾಲಕ್ಕತ್ತು ಅಂತ ಏಣಿ ತೋರ್ಸುದ್ರು."

ಹಾಗೆ ಅವನು ಆಂಟೆನಾ ಕಟ್ಟುವುದನ್ನು ಕಲಿತ. ಟಿವಿ ಕಣ್ಣಿನ ಕೆಲಸ, ಕಿವಿಯದ್ದಲ್ಲ.

ನಮ್ಮ ಕಡೆ ಆಗ ಮನೆ ಮನೆಗೂ ಟಿವಿ ಬರುತ್ತಿದ್ದ ಕಾಲ. ಟಿವಿ ತಂದವರು ಅಂಗಡಿಯವನು ಕೊಟ್ಟ ಆಂಟೆನಾ ಏರಿಸಿ ಬಿಡುತ್ತಿದ್ದರು. ಪರದೆಯ ತುಂಬ ಚುಕ್ಕಿ. ಕೆಲವು ಮನೆಯಲ್ಲಿ ಒಬ್ಬೊಬ್ಬರಿಗೂ ಪಕ್ಕದಲ್ಲಿ ಇನ್ನೊಂದು ನೆರಳು, ಮಾತಾಡುವವನಿಗೆ ಎರಡು ಮೂಗು. ಅಣ್ಣ ಅದನ್ನು ನೋಡಿ, "ಬೆಟ್ಟ ತಿರುಗ್ಸಿ ಕೊಡ್ತಾ ಐತೆ" ಎನ್ನುತ್ತಿದ್ದ. ಗಾಳಿಯಲ್ಲಿ ಬಂದದ್ದು ಒಂದು ಸಲ ನೇರವಾಗಿ ತಲುಪುತ್ತದೆ, ಪಾಲಮಲೆಗೆ ತಗುಲಿ ಇನ್ನೊಂದು ಸಲ ತಲುಪುತ್ತದೆ. ಅದಕ್ಕೆ ಆಂಟೆನಾವನ್ನು ಎತ್ತರಿಸಿದರೆ ಸಾಲದು, ಬೆಟ್ಟಕ್ಕೆ ಬೆನ್ನು ತಿರುಗಿಸಬೇಕು. ಯಾವ ಸ್ಟೇಷನ್ ಬೇಕೋ ಅದಕ್ಕೆ ತಕ್ಕ ಉದ್ದದ ಕಡ್ಡಿ ಇರಬೇಕು. ಬೂಸ್ಟರ್ ಹಾಕು ಎಂದು ಜನ ದುಂಬಾಲು ಬೀಳುತ್ತಿದ್ದರು. "ಬೂಸ್ಟರ್ರು ಇಲ್ದಿರೋದ್ನ ತರಾಕಿಲ್ಲ. ಬಂದಿದ್ನ ದೊಡ್ದು ಮಾಡ್ತೈತೆ. ಗಲೀಜು ಬಂದ್ರೆ ಗಲೀಜ್ನೇ ದೊಡ್ದು ಮಾಡ್ತೈತೆ." ಊರಿನಲ್ಲಿ ಯಾರಾದರೂ ಚಾಡಿ ತಂದರೆ ಅವನು ಸಣ್ಣಗೆ, "ಬೂಸ್ಟರ್ ಬಂತು" ಎನ್ನುತ್ತಿದ್ದ.

ಇನ್ನೊಂದು ಜಗಳ ದಿಕ್ಕಿನದು. ಸೇಲಂ ಕಡೆ ತಿರುಗಿಸಿದರೆ ತಮಿಳು ಚೆನ್ನಾಗಿ ಬರುತ್ತದೆ. ಬೆಂಗಳೂರು ಕಡೆ ತಿರುಗಿಸಿದರೆ, ಉದ್ದನೆಯ ಆಂಟೆನಾ ಇದ್ದು ದಿನ ಚೆನ್ನಾಗಿದ್ದರೆ, ಕನ್ನಡ ಬರುತ್ತದೆ. ವಯಸ್ಸಾದವರಿಗೆ ಕನ್ನಡ ಬೇಕು, ಸೊಸೆಯಂದಿರಿಗೂ ಮಕ್ಕಳಿಗೂ ತಮಿಳು ಸಿನಿಮಾ ಪಾಟು ಬೇಕು. ಒಂದು ಮನೆಯಲ್ಲಿ ಅಜ್ಜಿಯೊಬ್ಬಳು ಏಣಿ ಹಿಡಿದುಕೊಂಡು ನಿಂತುಬಿಟ್ಟಳು. "ನಾನ್ ಸಾಯಾಗಂಟ ಬೆಂಗ್ಳೂರ್ ಕಡೇಕೇ ಇರ್ಲಿ. ಆಮ್ಯಾಕೆ ನನ್ನೂ ಆಂಟೆನಾನೂ ಎಲ್ಲಿಗ್ ಬೇಕಾದ್ರೂ ತಿರುಗುಸ್ಕಳಿ." ಅಣ್ಣ ಅವಳ ಬಾಯಿ ನೋಡಿ ಗೊಳ್ಳೆಂದು ನಕ್ಕ. ಅವಳಿಗಾಗಿ ಪೈಪಿನ ಬುಡಕ್ಕೆ ಸೈಕಲ್ ಹ್ಯಾಂಡಲ್ ಕಟ್ಟಿಕೊಟ್ಟ, ಬೇಕಾದಾಗ ಬೇಕಾದ ಕಡೆ ತಿರುಗಿಸಲಿ ಎಂದು.

ಹೌದು, ಬಾಯಿ ನೋಡಿ. ಅವನು ಮಾತನ್ನು ಹಿಡಿಯುತ್ತಿದ್ದದ್ದು ತುಟಿಯಿಂದ. ಯಾರ ಮನೆಗೆ ಹೋದರೂ ಬೆಳಕಿಗೆ ಬೆನ್ನು ಹಾಕಿ ಕೂರುತ್ತಿದ್ದ, ಎದುರಿನವರ ಮುಖದ ಮೇಲೆ ಬೆಳಕು ಬೀಳಲಿ ಎಂದು. ಬೀಡಿ ಕಚ್ಚಿಕೊಂಡು ಮಾತಾಡುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಮೀಸೆ ದಪ್ಪ ಇದ್ದವರ ಎದುರು ತಾನೇ ಮೊದಲು ಮಾತು ಶುರುಮಾಡಿ ತಾನೇ ಮುಗಿಸಿಬಿಡುತ್ತಿದ್ದ. ಅದಕ್ಕೇ ಎಷ್ಟೋ ಜನ ಅವನಿಗೆ ಜಂಬ ಎಂದುಕೊಂಡಿದ್ದರು. ಕಿವುಡ ಎಂದು ತಿಳಿಯುವುದಕ್ಕಿಂತ ಜಂಬ ಎಂದು ತಿಳಿಯುವುದೇ ಮೇಲು ಎಂದು ಅವನು ಸುಮ್ಮನಿದ್ದ. ಟಿವಿಯಲ್ಲಿ ಅವನಿಗೆ ಇಷ್ಟವಾದದ್ದು ಕನ್ನಡ ವಾರ್ತೆ ಓದುವವರು. ಸಿನಿಮಾದವರು ಮುಖ ಆ ಕಡೆ ಈ ಕಡೆ ತಿರುಗಿಸುತ್ತಾರೆ. "ಇವ್ರು ನೋಡು ಪಾಪಾ, ನನ್ ಮಕ ನೋಡ್ಕೊಂಡೇ ಮಾತಾಡ್ತಾರೆ." ನನ್ನನ್ನು ಅವನು ಕರೆಯುತ್ತಿದ್ದದ್ದು ಪಾಪಾ ಎಂದು. ನನಗೆ ಮದುವೆಯಾದ ಮೇಲೂ ಹಾಗೇ.

ಮದುವೆಗೆ ಮುಂಚೆ ಅವನ ಜೊತೆ ಹೋಗುತ್ತಿದ್ದವಳು ನಾನೇ. ಅವನು ಸೂರಿನ ಮೇಲೆ ಆಂಟೆನಾ ತಿರುಗಿಸುತ್ತಾನೆ. ಒಳಗೆ ಟಿವಿ ಮುಂದೆ ಕೂತವರು, "ಬಂತು, ಬಂತು, ಓಯ್ತು, ಇನ್ ವಸಿ ತಿರುಗ್ಸು" ಎಂದು ಕೂಗುತ್ತಾರೆ. ಅವನಿಗೆ ಅದು ಕೇಳುವುದಿಲ್ಲ. ನಾನು ಅಂಗಳದಲ್ಲಿ ನಿಂತು ಆ ಕೂಗನ್ನು ಕೈಯಲ್ಲಿ ಹೇಳುತ್ತಿದ್ದೆ. ಬಲಗೈ ಚಾಚಿದರೆ ಬಲಕ್ಕೆ, ಎಡಗೈ ಚಾಚಿದರೆ ಎಡಕ್ಕೆ. ಪಡ, ಟಿವಿಯ ಚಿತ್ರ, ಚೆನ್ನಾಗಿ ಬಂದು ನಿಂತರೆ ತಲೆಯ ಮೇಲೆ ಕೈ. ಅವ್ವ ಬೈಯುತ್ತಿದ್ದಳು, "ತಲೆ ಮ್ಯಾಗೆ ಕೈ ಇಕ್ಕಬ್ಯಾಡ ಕಣೇ, ದರಿದ್ರ." ನಾವು ಬದಲಾಯಿಸಲಿಲ್ಲ. ಅವನು ಕೆಲಸದಲ್ಲಿ ಮುಳುಗಿ ಆ ಕಡೆ ತಿರುಗಿದ್ದರೆ ನಾನು ಒಂದು ಕಲ್ಲು ತೆಗೆದುಕೊಂಡು ಪೈಪಿನ ಬುಡಕ್ಕೆ ಬಡಿಯುತ್ತಿದ್ದೆ. ಪೈಪು ಅದುರಿದ್ದು ಅವನ ಅಂಗೈಗೆ ತಿಳಿಯುತ್ತಿತ್ತು, ತಿರುಗಿ ನೋಡುತ್ತಿದ್ದ. ಜನ ಅದನ್ನು ಏನೋ ಕಸುಬಿನ ರೀತಿ ಎಂದುಕೊಂಡಿದ್ದರು.

ನನ್ನನ್ನು ಕೊಳತ್ತೂರಿಗೆ ಕೊಟ್ಟರು. ಗಂಡನ ಮನೆಯವರು ಕಡಲೆಕಾಯಿ, ಮರಗೆಣಸು ಬೆಳೆಯುವವರು, ನಮಗಿಂತ ಅನುಕೂಲಸ್ಥರು. ನಾನು ಹೋದ ಮೇಲೆ ಅಣ್ಣ ಒಬ್ಬನೇ ಹೋಗುತ್ತಿದ್ದ. ಹೋದ ಮನೆಯ ಹುಡುಗರಿಗೆ ಕೈಸನ್ನೆ ಹೇಳಿಕೊಟ್ಟು ಅಂಗಳದಲ್ಲಿ ನಿಲ್ಲಿಸುತ್ತಿದ್ದನಂತೆ. ಮಕ್ಕಳು ಆಟಕ್ಕೆ ತಪ್ಪು ಕೈ ತೋರಿಸಿ ನಗುತ್ತಿದ್ದರಂತೆ. ಇದನ್ನೂ ಅವನೇ ನಗುತ್ತಾ ಹೇಳಿದ.

ನನ್ನ ಮಗ ಎರಡು ವರ್ಷ ತುಂಬಿದರೂ ಮಾತಾಡಲಿಲ್ಲ. ಅವ್ವಾ ಎನ್ನಲಿಲ್ಲ, ಅಪ್ಪಾ ಎನ್ನಲಿಲ್ಲ. ಅತ್ತೆ ಅವನ ಹಿಂದೆ ನಿಂತು ತಟ್ಟೆ ಬಡಿದು ನೋಡುತ್ತಿದ್ದರು. ಮಗು ತಿರುಗಿದರೂ ಅವರಿಗೆ ನಂಬಿಕೆ ಬರುತ್ತಿರಲಿಲ್ಲ. "ಸೋದರ್‌ಮಾವನ ಕಿವಿ ಇಳ್ದೈತೋ ಏನೋ" ಎಂದು ಅಕ್ಕಿ ಆರಿಸುತ್ತಾ ತಮ್ಮಷ್ಟಕ್ಕೆ ಅನ್ನುತ್ತಿದ್ದರು. ನನ್ನನ್ನು ಬೈದದ್ದಲ್ಲ. ಆದರೆ ನಾನು ಅದನ್ನು ದಿನವೂ ಕೇಳುತ್ತಿದ್ದೆ.

ಆ ಸಮಯದಲ್ಲೇ ನನ್ನ ನಾದಿನಿಯನ್ನು ನೋಡಲು ಶಂಕಗಿರಿಯಿಂದ ಗಂಡಿನವರು ಬಂದರು. ಲಾರಿ ಇಟ್ಟುಕೊಂಡಿದ್ದ ಮನೆ. ನಮ್ಮ ಜನವೇ, ಆದರೆ ಮಾತೆಲ್ಲ ಅರ್ಧ ತಮಿಳು. ಭಾನುವಾರ, ಟಿವಿಯಲ್ಲಿ ಕ್ರಿಕೆಟ್ ಇತ್ತು. ಗಂಡಿನ ಅಪ್ಪನಿಗೆ ಅದು ಬೇಕಿತ್ತು. ಹಿಂದಿನ ದಿನದ ಗಾಳಿಗೆ ನಮ್ಮ ಆಂಟೆನಾ ತಿರುಗಿಹೋಗಿತ್ತು, ಪರದೆಯಲ್ಲಿ ಬರೀ ಚುಕ್ಕಿ. ಮಾವನವರು ನಮ್ಮ ಮನೆಯವರ ಮುಖ ನೋಡಿದರು. ಅಣ್ಣ ಅಂದು ಕೊಳತ್ತೂರಿನಲ್ಲೇ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮನೆಯಲ್ಲಿ ಕೆಲಸ ಮಾಡುತ್ತಿದ್ದ. ನಮ್ಮ ಮನೆಯವರು ಹೋಗಿ ಕರೆತಂದರು.

ಅಣ್ಣ ಬಂದ. ಲುಂಗಿ ಎತ್ತಿ ಕಟ್ಟಿದ್ದ, ಹೆಗಲಲ್ಲಿ ವೈರಿನ ಸುರುಳಿ, ತಲೆಗೂದಲಲ್ಲಿ ಬೇರೆ ಮನೆಯ ಜೇಡರ ಬಲೆ. ಒಳಗೆ ಜನ ಇದ್ದದ್ದನ್ನು ನೋಡಿ ಮಾತಾಡಿಸದೆ ನೇರ ಏಣಿ ಹತ್ತಿದ. ನಾನು ಅಂಗಳಕ್ಕೆ ಹೋಗಿ ನಿಂತೆ. ಒಳಗಿನಿಂದ ನಮ್ಮ ಮನೆಯವರು ಕೂಗಿದರು, ನಾನು ಕೈ ತೋರಿಸಿದೆ, ಅವನು ತಿರುಗಿಸಿದ. ತುಂಬ ದಿನದ ಮೇಲೆ ಹೀಗೆ ಇಬ್ಬರೂ ಸೇರಿದ್ದು. ಅವನ ಮುಖದಲ್ಲಿ ಖುಷಿ ಇತ್ತು.

ಗಂಡಿನ ಅಕ್ಕ ಕೈ ತೊಳೆಯಲು ಅಂಗಳಕ್ಕೆ ಬಂದರು. ಮೇಲೆ ನೋಡಿ, "ಯಾರಪ್ಪಾ, ವಸಿ ಆ ಹೆಂಚಿನ ಮೇಲೆ ಕಾಲಿಕ್ಕಬ್ಯಾಡ, ಒಡ್ದೋಯ್ತದೆ" ಎಂದರು. ಅವರು ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾ ಹೇಳಿದ್ದರಿಂದ ಅವನಿಗೆ ತಿಳಿಯಲಿಲ್ಲ. ಇನ್ನೊಂದು ಸಲ ಕೂಗಿದರು. ಅವನು ನನ್ನ ಕೈಯನ್ನೇ ನೋಡುತ್ತಿದ್ದ.

"ಏನಮ್ಮಾ ಇದು, ಆಳಿಗೆ ಕಿವಿ ಡಮಾರಾ?" ಎಂದು ಅವರು ನಕ್ಕರು.

ನಾನೂ ನಕ್ಕೆ. ಯಾಕೆ ನಕ್ಕೆನೋ ಗೊತ್ತಿಲ್ಲ.

"ನಿಮ್ಗೇನಾದ್ರೂ ಬೇಕಾದೋರಾ? ನೀನ್ ಕೈ ಆಡ್ಸೋದೂ ಅವ್ರ್ ತಿರುಗ್ಸೋದೂ ಒಳ್ಳೇ ಪೊರುತ್ತವಾ ಐತಲ್ಲ, ಒಂದೇ ಮನೆಯೋರಂಗೆ."

ಒಳಗಿನಿಂದ, "ಬಂತು, ನಿಲ್ಸು" ಎಂದು ನಮ್ಮ ಮನೆಯವರು ಕೂಗಿದರು. ನಾನು ಅಣ್ಣನಿಗೆ ಮುಖ ಕೊಟ್ಟುಕೊಂಡು ತಲೆಯ ಮೇಲೆ ಕೈ ಇಟ್ಟೆ. ಕೈ ಅಲ್ಲೇ ಇತ್ತು. ಹೇಳಿದೆ.

"ಇಲ್ಲಕ್ಕಾ, ನಮ್ಗೆ ಯಾರೂ ಅಲ್ಲ. ಆಂಟೆನಾ ಕಟ್ಟೋರು."

ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಅತ್ತೆ ಕಣ್ಣು ಬಿಟ್ಟಿರಲಿಲ್ಲ, ಗಂಡ ಗದರಿರಲಿಲ್ಲ. ಆ ಕಿವುಡ ನನ್ನಣ್ಣ ಎಂಬುದು ಇವರ ಕಿವಿಗೆ ಬಿದ್ದರೆ ಮಗು ಮಾತಾಡದ ವಿಷಯವೂ ಎದ್ದು ಬರುತ್ತದೆ, ನಾದಿನಿಯ ಸಂಬಂಧ ನಿಂತರೆ ನನ್ನ ತಲೆಗೆ ಬರುತ್ತದೆ ಎಂದು ಆಮೇಲೆ ಕಾರಣ ಜೋಡಿಸಿಕೊಂಡೆ. ಹೇಳುವಾಗ ಯಾವ ಕಾರಣವೂ ಇರಲಿಲ್ಲ. ಅವನಿಗೆ ಕೇಳುವುದಿಲ್ಲವಲ್ಲ ಎಂಬ ಧೈರ್ಯ ಒಂದಿತ್ತು. ಹುಟ್ಟಿದಾಗಿನಿಂದ ಅವನ ಜೊತೆ ಬೆಳೆದವಳು ನಾನು, ಅವನು ತುಟಿ ನೋಡುತ್ತಾನೆ ಎಂಬುದನ್ನೇ ಮರೆತಿದ್ದೆ.

ಅಣ್ಣ ಮೇಲಿನಿಂದ ನನ್ನ ತುಟಿಯನ್ನೇ ನೋಡುತ್ತಿದ್ದ. ಆಮೇಲೆ ಕಂಬಿ ಸುತ್ತಿ ಬಿಗಿ ಮಾಡಿದ. ಇಳಿದು ಬಂದ. ಮಗು ಓಡಿ ಹೋಗಿ ಅವನ ಲುಂಗಿ ಹಿಡಿದುಕೊಂಡಿತು. ಬಂದಾಗಲೆಲ್ಲ ಅದಕ್ಕೆ ಅವನು ಕಡ್ಲೆಮಿಠಾಯಿ ತರುತ್ತಿದ್ದ. ಅವನು ಬಗ್ಗಿ ಮಗುವಿನ ಬೆರಳನ್ನು ಒಂದೊಂದಾಗಿ ಬಿಡಿಸಿದ. ನನ್ನ ಕಡೆ ತಿರುಗಿ, ಹೋದ ಮನೆಯಲ್ಲೆಲ್ಲ ಕೇಳುವ ಹಾಗೆ ಕೇಳಿದ.

"ಪಡ ತೆಳಿವಾಗಿ ಐತಾಮ್ಮಾ?"

"ಐತೆ" ಎಂದೆ.

"ಗಾಳಿಗ್ ತಿರುಗಾಕಿಲ್ಲ. ಬಿಗಿಯಾಗ್ ಕಟ್ಟಿವ್ನಿ."

ಚೊಂಬಿನಲ್ಲಿ ನೀರು ಕೊಟ್ಟೆ. ತುಟಿಗೆ ತಾಗಿಸದೆ ಎತ್ತಿ ಕುಡಿದ, ಪರರ ಮನೆಯಲ್ಲಿ ಕುಡಿಯುವ ಹಾಗೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು, ಅವರೂ ಅವನನ್ನು ಒಳಗೆ ಕರೆಯಲಿಲ್ಲ. ಅವನು ಸೈಕಲ್ ತೆಗೆದುಕೊಂಡು ಹೋದ. ಆ ವಾರದಲ್ಲಿ ಮೆಣಸಿನಕಾಯಿ ಒಣಗಿಸಲು ಸೂರಿನ ಪಕ್ಕದ ತಾರಸಿಗೆ ಹತ್ತಿದೆ. ಪೈಪು ಸೂರಿಗೆ ತಾಗುವ ಕಡೆ ಕಾಗದದ ಪೊಟ್ಟಣ ಇತ್ತು. ಕಡ್ಲೆಮಿಠಾಯಿ. ಇರುವೆ ಮುತ್ತಿತ್ತು. ಗುಡಿಸಿ ಹಾಕಿದೆ.

ಸಂಬಂಧ ಕೂಡಿತು. ನಾದಿನಿಯ ಮದುವೆಗೆ ಅಣ್ಣ ಬರಲಿಲ್ಲ, ಜ್ವರ ಎಂದು ಹೇಳಿ ಕಳಿಸಿದ. ಆಮೇಲೆ ನನ್ನ ಮಗನಿಗೆ ಕಿವಿ ಚುಚ್ಚುವ ದಿನ ಬಂತು. ನಮ್ಮಲ್ಲಿ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಕಿವಿ ಚುಚ್ಚಬೇಕು. ಅದು ಅವನ ಹಕ್ಕು, ಯಾರೂ ಕಿತ್ತುಕೊಳ್ಳುವ ಹಾಗಿಲ್ಲ. ಮಗು ಹುಟ್ಟಿದಾಗಿನಿಂದ ಅಣ್ಣ ಆ ದಿನದ ಮಾತಾಡುತ್ತಿದ್ದ. "ನನ್ ಕಿವಿಗಂತೂ ಕೆಲ್ಸ ಇಲ್ಲ, ನನ್ ತೊಡೆಗಾದ್ರೂ ಇರ್ಲಿ" ಎಂದು. ಅವ್ವ ಒಬ್ಬಳೇ ಬಸ್ಸಿಳಿದು ಬಂದಳು. ಹೊಸ ಬಟ್ಟೆ, ಬಾಳೆಹಣ್ಣು, ಚಿನ್ನದ ಓಲೆ, ಸೋದರಮಾವ ತರಬೇಕಾದ ಸೀರೆಲ್ಲ ತಟ್ಟೆಯಲ್ಲಿತ್ತು. ಮಾವ ಇರಲಿಲ್ಲ.

"ಕೆಲ್ಸ ಐತಂತೆ. ಯಾವ್ ಕೆಲ್ಸ ಅಂದ್ರೆ ಮಕ ತಿರುಗುಸ್ಕೊಂಡ. ಏನಾಯ್ತೇ ನಿಮ್ ಇಬ್ಬರ್ಗೂ?" ಎಂದು ಅವ್ವ ಕೇಳಿದಳು. ನಾನು ಹಣ್ಣು ಜೋಡಿಸುತ್ತಿದ್ದೆ.

ಶಂಕಗಿರಿಯವರೆಲ್ಲ ಬಂದಿದ್ದರು. ನಾದಿನಿಯ ಅತ್ತಿಗೆ, ಅದೇ ಗಂಡಿನ ಅಕ್ಕ, "ಸೋದರ್‌ಮಾವ ಎಲ್ಲಿ?" ಎಂದು ಕೇಳಿದರು. "ಊರಲ್ಲಿಲ್ಲ" ಎಂದೆ. ಆಗ ತಿಳಿಯಿತು. ಅವನು ಬಂದಿದ್ದರೆ ಅವರು ಗುರುತು ಹಿಡಿಯುತ್ತಿದ್ದರು. ನನ್ನ ಮಾತು ಸುಳ್ಳಾಗಬಾರದು ಎಂದು ಅವನು ಬರಲಿಲ್ಲ. ನಮ್ಮ ಮನೆಯವರ ದೊಡ್ಡಪ್ಪನ ಮಗ ತೊಡೆ ಕೊಟ್ಟರು. ಚುಚ್ಚಿದಾಗ ಮಗು ಕಿರುಚಿತು, ಅವರ ತೊಡೆಯಿಂದ ಜಾರಿತು, ಇನ್ನೊಂದು ಕಿವಿಗೆ ಇಬ್ಬರು ಹಿಡಿದುಕೊಳ್ಳಬೇಕಾಯಿತು. ಆ ವರ್ಷವೇ ಮಗು ಮಾತಾಡಲು ಶುರುಮಾಡಿತು. ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.

ತವರಿಗೆ ಹೋದರೆ ಅಣ್ಣ ಮೊದಲಿನಂತೆಯೇ. ಪಾಪಾ ಎಂದೇ ಕರೆಯುತ್ತಿದ್ದ, ಮಗನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಡ್ಯಾಮಿನ ನೀರು ತೋರಿಸಲು ಕರೆದುಕೊಂಡು ಹೋಗುತ್ತಿದ್ದ. ಕೊಳತ್ತೂರಿನ ಬೀದಿಯಲ್ಲಿ ಮಾತ್ರ, ನಾನು ಗಂಡನ ಮನೆಯವರ ಜೊತೆ ಇದ್ದರೆ, ಸೈಕಲ್ ಇನ್ನೊಂದು ಬೀದಿಗೆ ತಿರುಗಿಸುತ್ತಿದ್ದ. ಒಂದು ಸಲ ತಿರುಗಿಸಲು ಜಾಗ ಇಲ್ಲದೆ ಎದುರಿಗೇ ಬಂದ. "ಚೆನ್ನಾಗಿದ್ದೀರಾಮ್ಮಾ?" ಎಂದು ಹೋದ.

ತಪ್ಪಾಯ್ತು ಎಂದು ನಾನು ಹೇಳದೇ ಇರಲಿಲ್ಲ. ಅವನು ಉಣ್ಣಲು ಬಗ್ಗಿದಾಗ ಹೇಳಿದೆ. ಅವನು ಆ ಕಡೆ ತಿರುಗಿ ಕಡ್ಡಿ ಕೊಯ್ಯುತ್ತಿದ್ದಾಗ ಹೇಳಿದೆ. ಅವನ ಬೆನ್ನಿಗೆ ಹೇಳಿ, ಹೇಳಿದ್ದಾಯಿತು ಎಂದುಕೊಂಡು ಬಸ್ ಹತ್ತುತ್ತಿದ್ದೆ. ಮುಖಕ್ಕೆ ಹೇಳಲಿಲ್ಲ.

ಆಮೇಲೆ ಕೇಬಲ್ ಬಂತು. ಕಂಬದಿಂದ ಕಂಬಕ್ಕೆ ಕಪ್ಪು ವೈರು. ಬೆಟ್ಟವೂ ಅಡ್ಡ ಬರಲಿಲ್ಲ, ಗಾಳಿಯೂ ಅಡ್ಡ ಬರಲಿಲ್ಲ. ಆಂಟೆನಾಗಳನ್ನು ಜನ ಇಳಿಸತೊಡಗಿದರು. ಕೆಲವರು ಕಡ್ಡಿಯನ್ನು ಅವರೆ ಬಳ್ಳಿಗೆ ಆಸರೆ ಮಾಡಿದರು. ಇಳಿಸುವುದಕ್ಕೂ ಅಣ್ಣನನ್ನೇ ಕರೆಯುತ್ತಿದ್ದರು. "ಬಡ್ಸಿದ ಕೈಲೇ ಎಂಜಲೆಲೆ ಎತ್ತು ಅಂತಾರೆ" ಎಂದು ಅವ್ವನ ಹತ್ತಿರ ಅಂದಿದ್ದನಂತೆ. ನಗಲಿಲ್ಲವಂತೆ.

ನಮ್ಮ ಮನೆಗೂ ಕೇಬಲ್ ಎಳೆದರು. ಸೂರಿನ ಮೇಲೆ ಆ ಪೈಪು ಯಾಕೆ, ಸಿಡಿಲು ಬಡಿದೀತು ಎಂದು ಮಾವನವರು ಅಂದರು. ನಮ್ಮ ಮನೆಯವರು ಅಣ್ಣನಿಗೆ ಹೇಳಿ ಕಳಿಸಿದರು. ಅವನು ಬಂದ ದಿನ ನಾದಿನಿ ಮಗುವಿನ ಜೊತೆ ಬಂದಿದ್ದಳು, ಅವಳನ್ನು ಬಿಡಲು ಆ ಅಕ್ಕನೂ ಬಂದಿದ್ದರು. ಅತ್ತೆಯೂ ಅವರೂ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಅಣ್ಣ ಯಾರನ್ನೂ ನೋಡದೆ ಏಣಿ ಹತ್ತಿದ. ಸೊರಗಿದ್ದ, ಕಣ್ಣು ಆಗಲೇ ಸ್ವಲ್ಪ ಹಳದಿ. ಬಿಸಿಲು ಎಂದುಕೊಂಡೆ.

"ಇವ್ರೇ ಅಲ್ವಾ ಅವತ್ತು ಬಂದಿದ್ದ ಆಂಟೆನಾ ಆಳು?" ಎಂದರು ಅಕ್ಕ. "ಪಾವಂ, ಇನ್ಮ್ಯಾಕೆ ಹೊಟ್ಟೆಪಾಡಿಗೆ ಏನ್ ಪೊಳಪ್ಪೋ."

ಅತ್ತೆ ನನ್ನ ಮುಖ ನೋಡಿದರು. ನಾನು ಅಂಗಳಕ್ಕೆ ಇಳಿದೆ. ಇಳಿಸುವ ಕೆಲಸಕ್ಕೆ ಕೈಸನ್ನೆ ಬೇಕಿಲ್ಲ, ಅವನು ನಮಗೆ ಬೆನ್ನು ಹಾಕಿ ಕಂಬಿ ಬಿಚ್ಚುತ್ತಿದ್ದ. ಎಷ್ಟು ಬಿಗಿಯಾಗಿ ಕಟ್ಟಿದ್ದನೆಂದರೆ ಇಕ್ಕಳ ಜಾರುತ್ತಿತ್ತು. ಅಣ್ಣಾ ಎಂದು ಕೂಗಿದೆ. ಇನ್ನೊಮ್ಮೆ ಕೂಗಿದೆ. ಜಗಲಿಯವರು ನನ್ನ ಕಡೆ ತಿರುಗಿದರು. ಅವನು ತಿರುಗಲಿಲ್ಲ. ಈಗಲೂ ಬೆನ್ನಿಗೆ ಹೇಳಿ ಒಳಗೆ ಹೋಗಬಹುದಿತ್ತು. ಒಗೆಯುವ ಕಲ್ಲಿನ ಹತ್ತಿರ ಇದ್ದ ಒಂದು ಸಣ್ಣ ಕಲ್ಲು ತೆಗೆದುಕೊಂಡು, ಗೋಡೆಗುಂಟ ಇಳಿದಿದ್ದ ಪೈಪಿಗೆ ಬಡಿದೆ.

ಅವನ ಕೈ ನಿಂತಿತು. ತಿರುಗಿ ಕೆಳಗೆ ನೋಡಿದ, ಅಂಗಳದಲ್ಲಿ ನನ್ನನ್ನು, ಜಗಲಿಯಲ್ಲಿ ಅವರನ್ನು. ಬೇಡ ಎಂಬಂತೆ ಸಣ್ಣಗೆ ತಲೆ ಆಡಿಸಿದ. ಅವನಿಗೆ ತುಟಿ ಆಡಿಸಿದರೆ ಸಾಕಿತ್ತು. ದನಿ ಬೇಕಾಗಿದ್ದದ್ದು ಉಳಿದವರಿಗೆ. ಬೀದಿಗೆ ಕೇಳುವ ಹಾಗೆ ಕೂಗಿ ಹೇಳಿದೆ.

"ಅಣ್ಣಾ, ನನ್ ಮಕ ನೋಡು. ಅವತ್ತು ಇದೇ ಜಾಗದಾಗ್ ನಿಂತ್ಕೊಂಡು ನಾನು ನಿನ್ನ ನಮ್ಗೆ ಯಾರೂ ಅಲ್ಲ ಅಂದೆ. ನೀನು ನನ್ ಒಡಹುಟ್ದೋನು. ನನ್ ಮಗನ್ ಕಿವಿ ನಿನ್ ತೊಡೆ ಮ್ಯಾಲೆ ಚುಚ್ಬೇಕಾಗಿತ್ತು, ಅದ್ನೂ ನಾನೇ ಕಿತ್ಕೊಂಡೆ. ತಪ್ಪಾಯ್ತಣ್ಣಾ."